ಬಕೆಟ್ಟಿನಲ್ಲಿ ನೆನೆದ ಬಿಲ್ಲೆಗಳು

ನನ್ನ ಮೇಜಿನ ಮೇಲೆ ಮೂರು ಬಿಲ್ಲೆ.
ಒಂದು ಹಾಲಿನ ಬಣ್ಣ, ಒಂದು ಕಾಡಿಗೆಗಪ್ಪು,
ಇನ್ನೊಂದು ಎಣ್ಣೆ ಕುಡಿದೇ ಹುಟ್ಟಿದ್ದು, ತುಸು ಹಸಿರು.
ಲೀಡ್ಸಿನಿಂದ ಬಂದ ಮಾರಾಟದವನು
ಕೊಟ್ಟ ಚಹಾ ಕೂಡ ಮುಟ್ಟದೆ ಹೇಳಿ ಹೋದ:
"ಮೂರೂ ನೈಲಾನೇ, ಮೇಡಂ. ಬೆಲೆ ಮಾತ್ರ ಬೇರೆ."

ಗ್ರಿಮ್ಸ್‌ಬಿಯ ಈ ಮೀನಿನ ಕಾರ್ಖಾನೆಯಲ್ಲಿ
ಐದನೇ ನಂಬರಿನ ತಿರುಪು
ಮಂಜುಗಡ್ಡೆ, ಹ್ಯಾಡಕ್ಕಿನ ತಲೆ, ಮುಳ್ಳು, ಚರ್ಮ
ಎಲ್ಲವನ್ನೂ ಹಗಲಿರುಳು ಮುಂದಕ್ಕೆ ನೂಕುತ್ತದೆ.
ನೂಕಿದಷ್ಟೇ ಹಿಂದಕ್ಕೆ ಒದೆತ.
ಆ ಒದೆತ ತಿನ್ನಲು ಯಾರಾದರೂ ಬೇಕು,
ದಂಡದ ತುದಿಗೆ, ಮುಚ್ಚಳದ ಕತ್ತಲಲ್ಲಿ:
ಅಂಗೈಯಗಲದ ಬಿಲ್ಲೆ, ನಡುವೆ ತೂತು.
ಥ್ರಸ್ಟ್ ಬೇರಿಂಗ್ ಅಂದರೆ ಇಷ್ಟೇ.

ಮೊದಲು ಉಕ್ಕಿನದಿತ್ತು. ಉಪ್ಪುನೀರು ಅದನ್ನು
ಹಪ್ಪಳದ ಹಾಗೆ ತಿಂದಿತು.
ಆಮೇಲೆ ಕಂಚು. ಗ್ರೀಸಿಲ್ಲದೆ ಕಿರುಚಿತು;
ಗ್ರೀಸು ಹಾಕೋಣವೆಂದರೆ ಜನ ತಿನ್ನುವ ಮೀನು, ಕೂಡದು.
ಹೋದ ವರ್ಷ ಯಾರೋ ಹಾಕಿದ ಬಿಳಿ ನೈಲಾನು
ಹನ್ನೊಂದನೇ ರಾತ್ರಿ ಎರಡು ಗಂಟೆಗೆ
ಊದಿಕೊಂಡು ದಂಡವನ್ನು ಕಚ್ಚಿ ಹಿಡಿಯಿತು.
ಹಲೀನಾ ಮೊಣಕೈವರೆಗೆ ಮೀನಿನ ನೆಣ ಮೆತ್ತಿಕೊಂಡು
ಬೆಳಗಿನ ತನಕ ಸಲಿಕೆಯಲ್ಲಿ ಎತ್ತಿ ಹಾಕಿದಳು
ನಾಲ್ಕು ಟನ್ನು.
ದೂರಿನ ಪುಸ್ತಕದಲ್ಲಿ ಉಳಿದದ್ದು ಎರಡು ಪದ:
ಬೇರಿಂಗ್ ಕಳಪೆ.

ಕಳಪೆಯಲ್ಲ. ನೈಲಾನಿಗೆ ಬಾಯಾರಿಕೆ.
ಒಣಗಿದಾಗ ಒಂದು ಅಳತೆ,
ನೀರುಂಡ ಮೇಲೆ ಇನ್ನೊಂದು.
ಕ್ಯಾಟಲಾಗಿನಲ್ಲಿ ಈ ಸಂಗತಿ
ಪುಟದ ತಳಕ್ಕೆ ಮುತ್ತಿದ ಇರುವೆಸಾಲು,
ಕನ್ನಡಕ ತೆಗೆದು ಹಾಕಿ ಮಾಡಿ ಓದಬೇಕು.

ರಾಯ್‌ಸ್ಟನ್ ಪಾಸ್ಕ್, ನಲವತ್ತು ವರ್ಷದ ಫಿಟ್ಟರು.
ಎಡಗಿವಿ ಪೂರ್ತಿ ಹೋಗಿದೆ,
ಬಲಗಿವಿ ಅವತ್ತಿನ ಹವೆಯ ಮೇಲೆ.
ಅವನಿಗೆ ಹೇಳಿದೆ: ನಮ್ಮ ಹರಿಹರದಲ್ಲಿ
ಕಡಲೆ ನೆನೆಸದೆ ಒಲೆಗೆ ಇಡುವುದಿಲ್ಲ.
ಇವನ್ನೂ ನೆನೆಸೋಣ, ಆಮೇಲೆ ಅಳೆಯೋಣ.
ನಕ್ಕ. ಆದರೆ ಬಕೆಟ್ಟು ತಂದವನು ಅವನೇ,
ಬಂದರುಕಟ್ಟೆಗೆ ನಡೆದು ತುಂಬಿಸಿ ತಂದ.
"ನಲ್ಲಿಯ ನೀರಲ್ಲಿ ಇಟ್ಟರೆ ಸುಳ್ಳು ಹೇಳುತ್ತವೆ."

ದಿನಾ ಎತ್ತಿ, ಒರೆಸಿ, ಮೈಕ್ರೋಮೀಟರಿನ ದವಡೆಗೆ ಕೊಟ್ಟು
ಉಸಿರು ಹಿಡಿದು ಓದುವುದು.
ಸೋಮವಾರ ಬಿಳಿಯದು ಸರಿಯಾಗಿ ಹನ್ನೆರಡು ಮಿಲಿಮೀಟರು.
ಗುರುವಾರ ಅದರ ಮೇಲೊಂದು ಕೂದಲೆಳೆ.
ಎರಡನೇ ವಾರ ಮೂರು ಎಳೆ, ಇನ್ನೂ ಸಾಲದು ಎಂಬಂತೆ.
ಕಪ್ಪು ನಾಚಿಕೆಯವಳು, ಯಾರೂ ನೋಡದಾಗ ಕುಡಿದಳು.
ಹಸಿರಿನ ಹೊಟ್ಟೆಯಲ್ಲಿ ಆಗಲೇ ಎಣ್ಣೆ, ಜಾಗವೆಲ್ಲಿ?
ಒಂದು ಗುಟುಕು ಮುಕ್ಕಳಿಸಿ ಸುಮ್ಮನಾಯಿತು.

ಬಿಸಿ ತಾಳೀತೇ ಎಂದು
ಒತ್ತಡವನ್ನು ವೇಗದಿಂದ ಗುಣಿಸಿದೆ, ಎರಡು ಸಲ.
ನಮ್ಮ ತಿರುಪು ಎತ್ತಿನ ಗಾಣ, ನಿಧಾನ.
ಬದುಕಿತು.

ಖರೀದಿ ಕೋಣೆಯಿಂದ ಕಾಗದ ವಾಪಸು:
ಬೆಲೆ ಮೂರರಷ್ಟಿದೆ, ಕಾರಣ ತಿಳಿಸಿ.
ಪಟ್ಟಿ, ನಕ್ಷೆ, ಹದಿನಾರು ದಿನದ ಅಂಕಿ
ಎಲ್ಲಾ ಬರೆದೆ. ಮತ್ತೆ ಹರಿದು ಹಾಕಿದೆ.
ಆ ಚೌಕದಲ್ಲಿ ಒಂದೇ ಮಾತು ಹಿಡಿಸುತ್ತಿತ್ತು.
ನೀರು, ಎಂದು ಬರೆದೆ.
ಅದರ ಕೆಳಗೆ ಹಲೀನಾಳ ನಾಲ್ಕು ಟನ್ನು.

ಜೋಡಿಸುವ ದಿನ ಬಿಲ್ಲೆ ಲೊಡಲೊಡ ಅಂದಿತು.
ಹೊಸ ಹುಡುಗ ಕ್ಯಾಲಂ ಕೈಯಾಡಿಸಿ ನೋಡಿ
"ಸಡಿಲ ಬಿಟ್ಟಿದ್ದೀರಿ" ಎಂದ.
ಇರಲಿ ಮಾರಾಯ, ಅದಿನ್ನೂ ಆ ಒಂದು ಗುಟುಕು ಕುಡಿದಿಲ್ಲ.

ಮೂರನೇ ವಾರದ ರಾತ್ರಿ ಪಾಳಿ.
ಹೊರಗೆ ಹಂಬರ್ ಕಡೆಯಿಂದ ಗಾಳಿ,
ಒಳಗೆ ತಿರುಪು, ತಲೆಗಳು, ಮಂಜುಗಡ್ಡೆಯ ಸಾಗಾಟ.
ರಾಯ್‌ಸ್ಟನ್ ಮುಚ್ಚಳದ ಮೇಲೆ ಅಂಗೈ ಇಟ್ಟು
ಬಹಳ ಹೊತ್ತು ನಿಂತು ಕೇಳಿದ:
"ನನಗೆ ಮಾತ್ರ ಕೇಳಿಸುತ್ತಿಲ್ಲವೋ, ನಿಮಗೂ ಇಲ್ಲವೋ?"

"ನಮಗೂ ಇಲ್ಲ" ಅಂದಳು ಹಲೀನಾ,
ಅವನ ಬಲಗಿವಿಗೆ, ಜೋರಾಗಿ.